ಗಾಳಿ ಸೋಸಿದ ಮರಳು

ನೇತ್ರಾವತಿ, ಫಲ್ಗುಣಿಗಳಲ್ಲಿ ಮರಳು ತೆಗೆಯುವುದು ನಿಂತು ಲೋಡಿನ ಬೆಲೆ ಏರಿದಾಗಲೆಲ್ಲ ಮಂಗಳೂರಿನಲ್ಲಿ ಒಂದು ಸಿದ್ಧ ಪರಿಹಾರ ಕೇಳಿಬರುತ್ತದೆ. ಕೊಲ್ಲಿ ದೇಶಗಳಲ್ಲಿ ದುಡಿದು ಬಂದವರಿಗೆ ಈ ಊರಿನಲ್ಲಿ ಕೊರತೆಯಿಲ್ಲ. ಅವರಲ್ಲೊಬ್ಬರು ಹೇಳುತ್ತಾರೆ: “ಅಲ್ಲಿ ಕಣ್ಣು ಹಾಯಿಸಿದಷ್ಟೂ ಹೊಯಿಗೆಯೇ. ಪಣಂಬೂರಿಗೆ ನಾಲ್ಕು ಹಡಗು ತರಿಸಿದರೆ ಮುಗಿಯಿತಲ್ಲ ಮಾರಾಯರೇ!” ಪಕ್ಕದಲ್ಲಿದ್ದವರು ಮೊಬೈಲಿನಲ್ಲಿ ಓದಿದ್ದನ್ನು ನೆನೆದು ತಿದ್ದುತ್ತಾರೆ: “ಆಗುವುದಿಲ್ಲ, ಅದು ಉರುಟು ಮರಳು, ಸಿಮೆಂಟು ಹಿಡಿಯುವುದಿಲ್ಲ.”

ನನಗೆ ಹೆಚ್ಚು ಕಿರಿಕಿರಿ ತರಿಸುವುದು ಈ ಎರಡನೆಯ ಮಾತು. ಮರುಭೂಮಿಯ ಮರಳೆಲ್ಲ ಉರುಟು, ಅಂದರೆ ದುಂಡು, ಎಂಬುದು ಪಠ್ಯಪುಸ್ತಕಗಳಿಂದಲೂ ಇನ್ನೂ ಇಳಿದುಹೋಗದ ಅತಿಶಯೋಕ್ತಿ. ಗೌಡಿ ಮತ್ತು ವಾಟ್ಸನ್ ಎಂಬ ಭೂಗೋಳ ತಜ್ಞರು ಹಲವು ಮರುಭೂಮಿಗಳ ದಿಬ್ಬದ ಮರಳನ್ನು ಪರೀಕ್ಷಿಸಿ, ಚೆನ್ನಾಗಿ ಉರುಟಾದ ಕಣಗಳು ಅಲ್ಪಸಂಖ್ಯಾತರೇ ಎಂದು 1981ರಲ್ಲೇ ತೋರಿಸಿದ್ದರು. ಗಾಳಿಯಲ್ಲಿ ಡಿಕ್ಕಿ ಹೊಡೆದು ಅಂಚುಗಳು ಸವೆಯುವುದು ನಿಜ. ಆದರೆ ಅಸಲು ವಿಷಯ ಕಣದ ಗಾತ್ರದಲ್ಲಿದೆ. ಸಹಾರಾ ಇರಲಿ, ಅರೇಬಿಯಾ ಇರಲಿ, ನಮ್ಮ ಥಾರ್ ಇರಲಿ, ದಿಬ್ಬದ ಮರಳಿನ ಬಹುಪಾಲು 0.1ರಿಂದ 0.5 ಮಿಲಿಮೀಟರಿನೊಳಗೆ, ಅದರಲ್ಲೂ 0.2ರ ಆಸುಪಾಸಿನಲ್ಲಿ ಗುಂಪುಗೂಡಿರುತ್ತದೆ. ಬೇರೆ ಬೇರೆ ಖಂಡಗಳ, ಬೇರೆ ಬೇರೆ ಬಂಡೆಗಳಿಂದ ಒಡೆದು ಬಂದ ಕಣಗಳು ಇಷ್ಟು ಕಿರಿದಾದ ಮಿತಿಗೆ ಬಂದು ನಿಂತದ್ದು ಹೇಗೆ?

ಹಗುರವಾದದ್ದು ಮೊದಲು ಹಾರುತ್ತದೆ ಎಂದು ಎಲ್ಲರೂ ಊಹಿಸುತ್ತಾರೆ. ಮಾರ್ಚ್ ತಿಂಗಳಲ್ಲಿ ಉಡುಪಿಯ ಒಳನಾಡಿನ ಯಾವುದಾದರೂ ಮುರಮಣ್ಣಿನ ರಸ್ತೆಯನ್ನು ನೋಡಿ. ಹಿಟ್ಟಿನಷ್ಟು ನಯವಾದ ಕೆಂಧೂಳು, ಮೇಲೆ ಒಳ್ಳೆಯ ಗಾಳಿ, ಆದರೂ ಅದು ಬಹುಮಟ್ಟಿಗೆ ಸುಮ್ಮನೆ ಮಲಗಿರುತ್ತದೆ. ಬಸ್ಸು ಹಾದುಹೋದರೆ ಮಾತ್ರ ಊರೆಲ್ಲ ಕೆಂಪು. ಇದನ್ನು ಅಳೆದು ನೋಡಿದವನು ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೈನ್ಯದ ಎಂಜಿನಿಯರ್. ಈಜಿಪ್ಟಿನಲ್ಲಿ ಕೆಲಸದಲ್ಲಿದ್ದಾಗ ರಜೆ ಸಿಕ್ಕಾಗಲೆಲ್ಲ ಫೋರ್ಡ್ ಕಾರುಗಳನ್ನು ಲಿಬಿಯಾದ ಮರುಭೂಮಿಗೆ ಓಡಿಸುತ್ತಿದ್ದ. ಟಯರಿನ ಗಾಳಿ ಇಳಿಸಿ ಮರಳು ದಾಟುವ ಉಪಾಯ, ಸೂರ್ಯನ ನೆರಳಿನಿಂದ ದಿಕ್ಕು ಹಿಡಿಯುವ ದಿಕ್ಸೂಚಿ, ಇವೆಲ್ಲ ಆ ಹುಚ್ಚಿನ ಫಲ. ಎರಡನೆಯ ಮಹಾಯುದ್ಧದಲ್ಲಿ ಅದೇ ಅನುಭವದ ಬಲದಿಂದ ಮರುಭೂಮಿಯಲ್ಲಿ ದೂರ ಸಂಚರಿಸುವ ಪಡೆಯೊಂದನ್ನು ಕಟ್ಟಿದ. ನಮಗೆ ಬೇಕಾದದ್ದು ಯುದ್ಧಕ್ಕೆ ಮುಂಚಿನ ಕತೆ. ನಿವೃತ್ತನಾಗಿ ಲಂಡನ್ನಿಗೆ ಮರಳಿದವನು ಇಂಪೀರಿಯಲ್ ಕಾಲೇಜಿನಲ್ಲಿ ಪ್ಲೈವುಡ್ಡು, ಗಾಜುಗಳಿಂದ ಗಾಳಿಸುರಂಗ ಕಟ್ಟಿ, ಒಂದು ದಿನ ಅದರೊಳಗೆ ಸಿಮೆಂಟಿನ ಪುಡಿಯನ್ನು ಸಮತಟ್ಟಾಗಿ ಹರಡಿದ. ನಾಲ್ಕು ಮಿಲಿಮೀಟರಿಗೂ ದಪ್ಪದ ಕಲ್ಲುಗಳನ್ನು ಉರುಳಿಸಬಲ್ಲ ಗಾಳಿ ಬಿಟ್ಟರೂ ಸಿಮೆಂಟು ಕದಲಲಿಲ್ಲ!

ಕಾರಣ ಸರಳ ಗಣಿತ. ಕಣದ ಅಡ್ಡಗಲ ಹತ್ತನೇ ಒಂದಾದರೆ ತೂಕ ಸಾವಿರದಲ್ಲಿ ಒಂದಾಗುತ್ತದೆ. ಕಣಕ್ಕೆ ಕಣ ಅಂಟಿಕೊಳ್ಳುವ ಬಲವಾದರೋ ಹತ್ತನೇ ಒಂದಕ್ಕಷ್ಟೇ ಇಳಿಯುತ್ತದೆ. ಹೀಗೆ ಸಣ್ಣದಾದಷ್ಟೂ ತೂಕ ನಗಣ್ಯವಾಗಿ ಅಂಟು ಮೇಲುಗೈ ಪಡೆಯುತ್ತದೆ. ಸಾಲದ್ದಕ್ಕೆ ನೆಲಕ್ಕೆ ತಾಗಿದ ಗಾಳಿಯ ತೆಳುಪದರ ನಿಧಾನವಾಗಿರುತ್ತದೆ. ನಯವಾದ ಕಣಗಳು ಅದರ ಅಡಿಯಲ್ಲೇ ಅವಿತಿರುತ್ತವೆ. ದಪ್ಪ ಕಣಕ್ಕೆ ತನ್ನ ಭಾರವೇ ಅಡ್ಡಿ, ಸಣ್ಣ ಕಣಕ್ಕೆ ತನ್ನ ಅಂಟೇ ಅಡ್ಡಿ. ಎರಡೂ ಅಡ್ಡಿ ಕಡಿಮೆಯಿರುವುದು ಸುಮಾರು 0.08 ಮಿಲಿಮೀಟರಿನಲ್ಲಿ. ಅದರಿಂದ ದಪ್ಪವಾದಂತೆ ಬೇಕಾದ ಗಾಳಿಯೂ ಹೆಚ್ಚುತ್ತದೆ. ದಿಬ್ಬದ ಸಾಧಾರಣ ಕಣಕ್ಕೆ ಗಂಟೆಗೆ ಸುಮಾರು 20 ಕಿಲೋಮೀಟರಿನ ಗಾಳಿ ಸಾಕು.

ಹೊರಟ ಕಣ ತೇಲಿ ಹೋಗುವುದಿಲ್ಲ, ಜಿಗಿಯುತ್ತದೆ. ಎದ್ದು, ಗಾಳಿಯಿಂದ ವೇಗ ಪಡೆದು, ನೆಲಕ್ಕೆ ಹತ್ತು ಹದಿನೈದು ಡಿಗ್ರಿಯ ಓರೆಯಲ್ಲಿ ಬಂದು ಅಪ್ಪಳಿಸುತ್ತದೆ. ಆ ಪೆಟ್ಟಿಗೆ ಇನ್ನಷ್ಟು ಕಣಗಳು ಎಗರುತ್ತವೆ. ಒಮ್ಮೆ ಈ ಸರಪಳಿ ಶುರುವಾದರೆ ಗಾಳಿ ತುಸು ಇಳಿದರೂ ನಿಲ್ಲುವುದಿಲ್ಲ, ಏಕೆಂದರೆ ಕಣಗಳನ್ನು ಎಬ್ಬಿಸುವ ಕೆಲಸವನ್ನು ಈಗ ಕಣಗಳೇ ವಹಿಸಿಕೊಂಡಿವೆ. ರಸ್ತೆಯ ಧೂಳಿಗೆ ಬಸ್ಸಿನ ಚಕ್ರ ಮಾಡಿದ್ದನ್ನೇ ಇವು ಮರುಭೂಮಿಯ ಧೂಳಿಗೆ ಮಾಡುತ್ತವೆ. ಜಿಗಿಯುವ ಕಣವೊಂದು ತನಗಿಂತ ಆರು ಪಟ್ಟು ಅಗಲದ, ಅಂದರೆ ಇನ್ನೂರು ಪಟ್ಟಿಗೂ ಹೆಚ್ಚು ತೂಕದ ಕಣವನ್ನು ತಳ್ಳಬಲ್ಲದು ಎಂದು ಬ್ಯಾಗ್ನಾಲ್ಡ್ ಲೆಕ್ಕ ಕೊಟ್ಟ. ಆದರೂ ಹೆಚ್ಚಿನ ಮರಳು ಸಾಗುವುದು ಮನುಷ್ಯನ ಮೊಣಕಾಲಿಗಿಂತ ಕೆಳಗೆ. ಸಿನಿಮಾಗಳಲ್ಲಿ ಆಕಾಶ ಮುಚ್ಚುವ ಗೋಡೆಯಾಗಿ ಬರುವ ಮರಳ ಬಿರುಗಾಳಿಯಲ್ಲಿ ಅಷ್ಟೆತ್ತರಕ್ಕೆ ಏರಿರುವುದು ಧೂಳು.

ಇನ್ನು ಆಯ್ಕೆಯ ವಿಚಾರ. 0.2 ಮಿಲಿಮೀಟರಿನ ಕಣ ಗಾಳಿಯಲ್ಲಿ ಸೆಕೆಂಡಿಗೆ ಒಂದೂವರೆ ಮೀಟರಿನಂತೆ ಬೀಳುತ್ತದೆ; 0.02ರ ಧೂಳು ಬೀಳುವುದು ಮೂರು ಸೆಂಟಿಮೀಟರಿನಂತೆ. ಗಾಳಿಯ ಸಣ್ಣ ಸುಳಿಯೂ ಅದನ್ನು ಮೇಲೆತ್ತಲು ಸಾಕು. ಗೆರಸೆಯಲ್ಲಿ ಅಕ್ಕಿ ಕೇರುವಾಗ ತೌಡು ಅಂಗಳದಾಚೆ ಹಾರುವಂತೆ, ಪೆಟ್ಟು ತಿಂದೆದ್ದ ಧೂಳು ಮರುಭೂಮಿಯನ್ನೇ ಬಿಟ್ಟು ಹೋಗುತ್ತದೆ. ಚೀನಾದ ಹಳದಿ ನದಿಯ ದಡದಲ್ಲಿ ನೂರಾರು ಮೀಟರ್ ದಪ್ಪಕ್ಕೆ ಬಿದ್ದಿರುವುದು ಇಂಥ ಧೂಳೇ. ದಪ್ಪ ಕಣಗಳು ತೆವಳುತ್ತಾ ಹಿಂದುಳಿದು ಜಲ್ಲಿ ಹಾಸಿದ ಬಯಲಾಗುತ್ತವೆ. ಮಧ್ಯದವು ದಿಬ್ಬಕ್ಕೆ ಬಂದು ಸೇರುತ್ತವೆ.

ಹಾಗಾದರೆ ಮಲ್ಪೆ, ತಣ್ಣೀರುಬಾವಿಗಳ ಕಡಲತೀರದಲ್ಲಿ ದೊಡ್ಡ ದಿಬ್ಬಗಳೇಕಿಲ್ಲ? ಗಾಳಿ ಜೋರಾಗಿ ಬೀಸುವ ಜೂನ್–ಆಗಸ್ಟ್‌ನಲ್ಲೇ ಇಲ್ಲಿ ಮಳೆಯೂ ಜೋರು. ನೂರರಲ್ಲಿ ಕೆಲವೇ ಪಾಲು ನೀರಿದ್ದರೂ ಸಾಕು, ಕಣಗಳು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ. ಬೇಸಿಗೆಯ ಮಧ್ಯಾಹ್ನದ ಕಡಲಗಾಳಿಗೆ ಒಣ ಮರಳಿನ ಮೇಲೆ ಮೂಡುವ ಸಣ್ಣ ಅಲೆಗಳನ್ನು ಮಾತ್ರ ಹತ್ತಿರದಿಂದ ನೋಡಬಹುದು. ಅವುಗಳ ನೆತ್ತಿಯಲ್ಲಿ ದಪ್ಪ ಕಣ, ತಗ್ಗಿನಲ್ಲಿ ನಯ ಕಣ.

ಹಡಗಿನ ಪ್ರಸ್ತಾಪಕ್ಕೆ ಬರೋಣ. ಕಾಂಕ್ರೀಟಿಗೆ ಬೇಕಾದದ್ದು ಬೆರಕೆ. ನಮ್ಮ ಐಎಸ್ 383 ಮಾನದಂಡದಲ್ಲಿ ಮರಳೆಂದರೆ 4.75 ಮಿಲಿಮೀಟರಿನ ಜರಡಿಯಿಂದ ಇಳಿದದ್ದು. ಅಲ್ಲಿಂದ ಕೆಳಗಿನ ಗಾತ್ರಗಳೆಲ್ಲ ಹದವಾಗಿ ಇದ್ದರೆ ದಪ್ಪ ಕಣಗಳ ಸಂದನ್ನು ಸಣ್ಣವು ತುಂಬುತ್ತವೆ. ನೇತ್ರಾವತಿ ತನ್ನ ಹರಿವಿನಲ್ಲಿ ಈ ಬೆರಕೆಯನ್ನು ತಂದುಕೊಡುತ್ತದೆ. ಗಾಳಿ ಸೋಸಿ ಒಂದೇ ಅಳತೆಗೆ ತಂದ ನಯ ಮರಳಿನಲ್ಲಿ ಸಂದುಗಳು ಹಾಗೇ ಉಳಿಯುತ್ತವೆ, ಕಣಗಳ ಒಟ್ಟು ಮೈ ದೊಡ್ಡದಾಗಿ ಸಿಮೆಂಟೂ ನೀರೂ ಹೆಚ್ಚು ಬೇಕಾಗುತ್ತವೆ. ದುಬೈಯ ಪಾಮ್ ಜುಮೇರಾ ದ್ವೀಪವನ್ನು ಎಬ್ಬಿಸಲು ಸಹ ಮರಳನ್ನು ತೋಡಿದ್ದು ಕೊಲ್ಲಿಯ ಕಡಲತಳದಿಂದ.

ಮರುಭೂಮಿಯ ಮರಳು ಪೂರ್ತಿ ನಿಷ್ಪ್ರಯೋಜಕವೇನೂ ಅಲ್ಲ. ಒರಟು ಕಣ ಬೆರೆಸಿದರೆ ಕಾಂಕ್ರೀಟಿನಲ್ಲಿ ಒಂದು ಪಾಲಾಗಿ ಬಳಸಬಹುದು. ಆ ಒರಟು ಕಣ ಬರಬೇಕಾದದ್ದು ಕಾರ್ಕಳದ ಕಡೆಯ ಕ್ರಷರುಗಳಿಂದ, ಕಲ್ಲು ಪುಡಿಮಾಡಿ ತಯಾರಿಸಿದ ಮರಳು, ಅಂದರೆ ಎಂ-ಸ್ಯಾಂಡ್ ಆಗಿ. ಎಂ-ಸ್ಯಾಂಡ್ ತರಿಸಿದ ಮೇಲೆ ಪಣಂಬೂರಿಗೆ ಹಡಗು ಯಾಕೆ?