ಪೋಲಿಯೊದಿಂದ ಮರೆವಿನವರೆಗೆ: ಬಲ್ಗೇರಿಯಾದ ಒಂದು ಕಾಡುಹೂವಿನ ಹಾದಿ

ಮರೆವಿನ ರೋಗ ಆಲ್‌ಝೈಮರ್‌ಗೆ ಡಾಕ್ಟರು ಬರೆದುಕೊಡುವ ಮಾತ್ರೆಗಳಲ್ಲಿ ಗ್ಯಾಲಂಟಮೀನ್ ಕೂಡ ಒಂದು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಬಲ್ಗೇರಿಯಾದವರಿಗೆ ಅಷ್ಟರಲ್ಲಿ ಅದು ಹಳೇ ಔಷಧವಾಗಿತ್ತು. ‘ನಿವಾಲಿನ್’ ಎಂಬ ಹೆಸರಿನಲ್ಲಿ ಅಲ್ಲಿ ದಶಕಗಳಿಂದ ಬಳಕೆಯಲ್ಲಿತ್ತು. ಅದೂ ಮೊದಲಿಗೆ ಮರೆವಿಗಲ್ಲ, ಪೋಲಿಯೊದಿಂದ ಸೋತ ಕೈಕಾಲುಗಳಿಗೆ.

ಇದರ ಮೂಲ ಒಂದು ಬಿಳಿ ಕಾಡುಹೂವು. ಚಳಿಗಾಲ ಮುಗಿಯುವ ಹೊತ್ತಿಗೆ ಹಿಮದ ನಡುವೆಯೇ ಅರಳುವ ಸ್ನೋಡ್ರಾಪ್. ಬಲ್ಗೇರಿಯಾದಲ್ಲಿ ಅದಕ್ಕೆ ಕೋಕಿಚೆ ಅನ್ನುತ್ತಾರೆ. ಹಳ್ಳಿಯ ಜನ ತಲೆನೋವು, ನರದ ನೋವಿಗೆ ಇದನ್ನು ಹಣೆಗೆ ಉಜ್ಜಿಕೊಳ್ಳುತ್ತಿದ್ದರು, 1950ರ ದಶಕದಲ್ಲಿ ಒಬ್ಬ ಔಷಧ ವಿಜ್ಞಾನಿ ಅದನ್ನು ನೋಡಿದರು, ಅಲ್ಲಿಂದಲೇ ಎಲ್ಲ ಶುರುವಾಯಿತು ಅನ್ನುವುದು ಎಲ್ಲ ಕಡೆ ಓಡಾಡುವ ಕಥೆ. ಚೆಂದದ ಕಥೆಯೇ. ಆದರೆ ಯಾವ ಊರು, ಯಾರು ನೋಡಿದ್ದು ಅಂತ ಕೇಳಿದರೆ ಕಥೆ ಅಲ್ಲೇ ನಿಂತುಬಿಡುತ್ತದೆ.

ಬರಹದಲ್ಲಿ ಇರುವುದು ಬೇರೆ. 1951ರಲ್ಲಿ ಸೋವಿಯತ್ ವಿಜ್ಞಾನಿಗಳಾದ ಮಶ್ಕೋವ್‌ಸ್ಕಿ ಮತ್ತು ಕ್ರುಗ್ಲಿಕೋವಾ-ಲ್ವೋವಾ ಕಾಕಸಸ್ ಕಡೆಯ ಸ್ನೋಡ್ರಾಪ್‌ನ ಸಾರದ ಗುಣವನ್ನು ತೋರಿಸಿಕೊಟ್ಟರು. ನರ ಹೇಳಿದ್ದನ್ನು ಸ್ನಾಯುವಿಗೆ ಮುಟ್ಟಿಸುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ಕೆಲಸ ಮುಗಿದ ಕೂಡಲೇ ಒಂದು ಕಿಣ್ವ ಅದನ್ನು ಒಡೆದು ಹಾಕುತ್ತದೆ. ಸಾರದಲ್ಲಿರುವ ಗ್ಯಾಲಂಟಮೀನ್ ಆ ಕಿಣ್ವವನ್ನು ತಡೆಯುತ್ತದೆ. ರಾಸಾಯನಿಕ ಸ್ವಲ್ಪ ಜಾಸ್ತಿ ಹೊತ್ತು ಉಳಿಯುತ್ತದೆ, ಸೋತ ಸ್ನಾಯು ಸ್ವಲ್ಪ ಮಾತು ಕೇಳುತ್ತದೆ. ಅದೇ ದಶಕದಲ್ಲಿ ಬಲ್ಗೇರಿಯಾದ ಔಷಧ ವಿಜ್ಞಾನಿ ದಿಮಿತರ್ ಪಾಸ್ಕೋವ್ ತಮ್ಮ ನೆಲದ ಗಿಡದಿಂದಲೇ ಇದನ್ನು ತೆಗೆದು ನಿವಾಲಿನ್ ಮಾಡಿದರು. ಹಾಗಾಗಿ ಈ ಔಷಧದಲ್ಲಿ ಹಳ್ಳಿ ಮದ್ದಿಗಿಂತ ಪ್ರಯೋಗಾಲಯದ ಪಾಲೇ ದೊಡ್ಡದು ಅನ್ನಿಸುತ್ತದೆ.

ಸ್ನೋಡ್ರಾಪ್ ತೀರಾ ಪುಟ್ಟ ಗಿಡ. ಕಾರ್ಖಾನೆಗೆ ಅದು ಎಲ್ಲಿ ಸಾಲುತ್ತದೆ? ಆಗ ಕಣ್ಣು ಬಿದ್ದದ್ದು ಅದರ ದೊಡ್ಡ ನೆಂಟ, ‘ಜೌಗಿನ ಕೋಕಿಚೆ’ ಮೇಲೆ. ನದಿ ಉಕ್ಕಿ ನೀರು ನಿಲ್ಲುವ ಕಾಡುಗಳಲ್ಲಿ, ಒದ್ದೆ ಹುಲ್ಲುಗಾವಲುಗಳಲ್ಲಿ ಇದು ಗುಂಪಾಗಿ ಬೆಳೆಯುತ್ತದೆ. ಒಂದೇ ದಂಟಿನ ತುದಿಯಲ್ಲಿ ಹಲವು ಬಿಳಿ ಗಂಟೆಗಳು, ಪ್ರತಿ ಎಸಳಿನ ತುದಿಗೂ ಒಂದು ಹಸಿರು ಚುಕ್ಕಿ. ವಸಂತದಲ್ಲಿ ಎಲೆ, ದಂಟು, ಹೂವನ್ನಷ್ಟೇ ಕೊಯ್ಯುತ್ತಾರೆ. ಗಡ್ಡೆಯನ್ನು ಮಣ್ಣಲ್ಲೇ ಬಿಡಬೇಕು, ಮುಂದಿನ ಬೆಳೆ ಅದರಿಂದಲೇ. ಆದರೆ ಎಲೆಯೇ ಗಡ್ಡೆಗೆ ಅನ್ನ. ಒಂದೇ ಜಾಗದಲ್ಲಿ ವರ್ಷವರ್ಷವೂ ಕೊಯ್ದರೆ ಗಡ್ಡೆ ಸೊರಗುತ್ತದೆ. ಇಷ್ಟೆಲ್ಲ ಮಾಡಿದರೂ ಒಣಗಿದ ಎಲೆಯಲ್ಲಿ ಸಿಗುವ ಗ್ಯಾಲಂಟಮೀನ್ ಚೂರೇ ಚೂರು. ಕೆಲವು ಕಡೆಯ ಗಿಡದಲ್ಲಂತೂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಮೇಲಿಂದ, ಹೊಲ ಮಾಡಲು ಜೌಗು ನೆಲ ಬಸಿದರು. ಗಿಡ ಕಮ್ಮಿಯಾಯಿತು. 2000ದಲ್ಲಿ ಬಲ್ಗೇರಿಯಾ ಔಷಧಿ ಸಸ್ಯಗಳಿಗಾಗಿಯೇ ಕಾನೂನು ತಂದಿತು. ಈ ಗಿಡವನ್ನು ಎಲ್ಲಿ, ಎಷ್ಟು ಕೊಯ್ಯಬಹುದು ಅನ್ನುವುದನ್ನು ಈಗ ಸರ್ಕಾರವೇ ಗೊತ್ತು ಮಾಡುತ್ತದೆ. ಕಾರ್ಖಾನೆಯಲ್ಲಿ ಗಿಡವಿಲ್ಲದೆಯೂ ಗ್ಯಾಲಂಟಮೀನ್ ತಯಾರಾಗುತ್ತದೆ. ಬ್ರಿಟನ್ನಿನ ವೇಲ್ಸ್‌ನ ಗುಡ್ಡಗಳಲ್ಲಿ ಗ್ಯಾಲಂಟಮೀನ್ ತೆಗೆಯಲೆಂದೇ ಡ್ಯಾಫೊಡಿಲ್ ಎಂಬ ಹಳದಿ ಹೂವಿನ ಗಿಡ ಬೆಳೆಯುತ್ತಿದ್ದಾರೆ.