ಜಾಹೀರಾತಿನ ಜಾಡು

2010ರ ಸುಮಾರಿಗೆ ಅಮೆರಿಕದಲ್ಲಿ ಬುಷ್‌ಮಾಸ್ಟರ್ ರೈಫಲ್ಲಿನ ಒಂದು ಜಾಹೀರಾತು ಬರುತ್ತಿತ್ತು. ಬಂದೂಕಿನ ಚಿತ್ರದ ಜೊತೆಗೆ ದಪ್ಪಕ್ಷರದಲ್ಲಿ ಹೆಚ್ಚುಕಡಿಮೆ ಹೀಗೊಂದು ಮಾತು: ನಿಮ್ಮ ಗಂಡಸುತನದ ಕಾರ್ಡು ಮರಳಿ ಸಿಕ್ಕಿತೆಂದೇ ತಿಳಿಯಿರಿ. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಗೆ ನುಗ್ಗಿದ 20 ವರ್ಷದ ಯುವಕನೊಬ್ಬ ಬುಷ್‌ಮಾಸ್ಟರ್ ರೈಫಲ್ಲಿನಿಂದಲೇ 20 ಮಕ್ಕಳನ್ನೂ 6 ಮಂದಿ ಸಿಬ್ಬಂದಿಯನ್ನೂ ಕೊಂದ.

ಬ್ರೇಕು ಕೈಕೊಟ್ಟು ಕಾರು ಅಪಘಾತವಾದರೆ ತಯಾರಕನನ್ನು ಕೋರ್ಟಿಗೆಳೆಯಬಹುದು. ಇಲ್ಲಿ ಬಂದೂಕು ಕೆಟ್ಟಿರಲಿಲ್ಲ, ಮಾಡಬೇಕಾದ ಕೆಲಸವನ್ನೇ ಮಾಡಿತ್ತು. ಸಾಲದೆಂಬಂತೆ, ಬೇರೆಯವರು ಮಾಡಿದ ಅಪರಾಧಕ್ಕೆ ಬಂದೂಕು ಕಂಪನಿಗಳು ಹೊಣೆಯಲ್ಲ ಎಂಬ ಕಾನೂನನ್ನು ಅಮೆರಿಕ 2005ರಲ್ಲೇ ಮಾಡಿಕೊಂಡಿದೆ. ಆದರೆ ಆ ಗೋಡೆಯಲ್ಲೊಂದು ಕಿಂಡಿಯಿದೆ. ಮಾರಾಟ ಅಥವಾ ಪ್ರಚಾರಕ್ಕೆ ಸಂಬಂಧಿಸಿದ ಕಾನೂನನ್ನು ಕಂಪನಿ ತಿಳಿದೂ ತಿಳಿದೂ ಮುರಿದು, ಅದರಿಂದ ಹಾನಿಯಾಗಿದ್ದರೆ ರಕ್ಷಣೆ ಇಲ್ಲ. ಒಂಬತ್ತು ಕುಟುಂಬಗಳ ವಕೀಲರು ಬಂದೂಕನ್ನು ಬದಿಗಿಟ್ಟು ಜಾಹೀರಾತನ್ನು ಹಿಡಿದುಕೊಂಡರು. ಹಿಂಸೆಗೆ ಕುಮ್ಮಕ್ಕು ಕೊಡುವ ಪ್ರಚಾರವು ರಾಜ್ಯದ ಅನುಚಿತ ವ್ಯಾಪಾರ ಕಾಯ್ದೆಗೆ ವಿರುದ್ಧ ಎಂದು ವಾದಿಸಿದರು. 2019ರ ಮಾರ್ಚ್‌ನಲ್ಲಿ ಕನೆಕ್ಟಿಕಟ್ ಸುಪ್ರೀಂ ಕೋರ್ಟ್ 4–3ರ ಬಹುಮತದಿಂದ ಮೊಕದ್ದಮೆ ನಡೆಯಲಿ ಎಂದಿತು. 2022ರ ಫೆಬ್ರುವರಿಯಲ್ಲಿ 7.3 ಕೋಟಿ ಡಾಲರಿಗೆ ರಾಜಿಯಾಯಿತು. ಬುಷ್‌ಮಾಸ್ಟರ್ ತಯಾರಿಸುತ್ತಿದ್ದ ರೆಮಿಂಗ್ಟನ್ ಅಷ್ಟರಲ್ಲಿ ದಿವಾಳಿಯೆದ್ದಿತ್ತು. ಹಣ ಕೊಟ್ಟವರು ಅದರ ವಿಮೆದಾರರು.

ಅಸಲು ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಆ ಯುವಕ ಜಾಹೀರಾತನ್ನು ನೋಡಿದ್ದನೇ? ನೋಡಿದ್ದರೂ ಅದರಿಂದಲೇ ಕೊಂದನೇ? ರೈಫಲ್ ಕೊಂಡವಳು ಅವನ ತಾಯಿ. ಜಾಹೀರಾತೇ ಕಾರಣವೇ ಎಂದು ತೀರ್ಮಾನಿಸುವುದು ಜ್ಯೂರಿಯ ಕೆಲಸ ಎಂದು ಕೋರ್ಟು ಹೇಳಿತ್ತು, ರಾಜಿಯಾದ್ದರಿಂದ ಜ್ಯೂರಿ ಕೂರಲೇ ಇಲ್ಲ. ಸಿಗರೇಟಿನ ವಿಷಯದಲ್ಲೂ ಇದೇ ತೊಡಕು. ಸೇದುವ ಸಾವಿರ ಜನರಲ್ಲಿ ಕ್ಯಾನ್ಸರ್ ಎಷ್ಟು ಹೆಚ್ಚುತ್ತದೆ ಎಂದು ವಿಜ್ಞಾನಿ ಲೆಕ್ಕ ಕೊಡಬಲ್ಲ. ಈ ಒಬ್ಬನ ಗೆಡ್ಡೆಗೆ ಸಿಗರೇಟೇ ಕಾರಣವೇ ಎಂದರೆ ತಡವರಿಸುತ್ತಾನೆ. ಜಾಹೀರಾತು ಗುಂಪಿನ ಮೇಲೆ ಕೆಲಸ ಮಾಡುತ್ತದೆ, ಕೋರ್ಟು ಒಬ್ಬನ ಬಗ್ಗೆ ಕೇಳುತ್ತದೆ.

ಅಚ್ಚಾದ ಪತ್ರಿಕೆಗೆ ಯಾರ ಕಣ್ಣು ಯಾವ ಪುಟದ ಮೇಲೆ ಬಿತ್ತೆಂಬುದು ಗೊತ್ತಿಲ್ಲ. ಫೋನಿಗೆ ಗೊತ್ತು. ಇಲ್ಲೇ ಕಥೆ ತಿರುಗುವುದು. ಇನ್‌ಸ್ಟಾಗ್ರಾಂ ದುಡ್ಡು ತೆಗೆದುಕೊಂಡು ಬಂದೂಕಿನ ಜಾಹೀರಾತು ಹಾಕುವುದಿಲ್ಲ. ಆದರೆ ಕಂಪನಿಯೇ ಖಾತೆ ತೆರೆದು ಚಿತ್ರ ಹಾಕಬಹುದು, ಅದು ಗೆಳೆಯನ ಮದುವೆ ಫೋಟೋ, ಬೆಕ್ಕಿನ ವಿಡಿಯೋಗಳ ನಡುವೆ ಜಾಹೀರಾತೆಂಬ ಗುರುತಿಲ್ಲದೆ ಬಂದು ಕೂರುತ್ತದೆ. ಯಾವುದರ ಮೇಲೆ ಬೆರಳು ನಿಂತಿತೋ ಅಂಥದ್ದನ್ನೇ ಮತ್ತೆ ಬಡಿಸುವುದು ಅಲ್ಗಾರಿದಮ್ಮಿನ ಕೆಲಸ. ವೇಷ ಮರೆಸಿಕೊಂಡು ಬರುವ ಈ ಪ್ರಚಾರ, ಬಂದ ದಾರಿಯುದ್ದಕ್ಕೂ ಹೆಜ್ಜೆಗುರುತು ಬಿಟ್ಟಿರುತ್ತದೆ: ಯಾರು, ಯಾವಾಗ, ಎಷ್ಟು ಸೆಕೆಂಡು.

2022ರ ಮೇ 16ರಂದು ಡೇನಿಯಲ್ ಡಿಫೆನ್ಸ್ ಎಂಬ ಕಂಪನಿ ಟ್ವಿಟರ್‌ನಲ್ಲಿ ಒಂದು ಚಿತ್ರ ಹಾಕಿತು. ಪುಟ್ಟ ಮಗುವಿನ ತೊಡೆಯ ಮೇಲೆ ರೈಫಲ್, ಜೊತೆಗೆ ಮಗುವನ್ನು ನಡೆಯಬೇಕಾದ ದಾರಿಯಲ್ಲಿ ಬೆಳೆಸು ಎನ್ನುವ ಬೈಬಲ್ ವಾಕ್ಯ. (ಯಾರಿಗೆ ಹೊಳೆಯಿತೋ ಈ ಜೋಡಣೆ!) ಅದೇ ದಿನ ಟೆಕ್ಸಸ್‌ನ ಉವಾಲ್ಡೆ ಊರಿನ ಹುಡುಗನೊಬ್ಬನಿಗೆ 18 ತುಂಬಿತು. ಮಧ್ಯರಾತ್ರಿ ದಾಟಿ ಅರ್ಧ ಗಂಟೆಯೊಳಗೆ ಅವನು ಅದೇ ಕಂಪನಿಯ ರೈಫಲ್ಲನ್ನು ಆನ್‌ಲೈನಿನಲ್ಲಿ ಕೊಂಡ ಎನ್ನುತ್ತದೆ ಕುಟುಂಬಗಳ ದಾವೆ. ಮೇ 24ರಂದು ಅವನು 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದ. ಎರಡು ವರ್ಷದ ಬಳಿಕ ಕುಟುಂಬಗಳು ಬಂದೂಕು ತಯಾರಕನನ್ನಷ್ಟೇ ಅಲ್ಲ, ಇನ್‌ಸ್ಟಾಗ್ರಾಂನ ಒಡೆಯ ಮೆಟಾವನ್ನೂ, ‘ಕಾಲ್ ಆಫ್ ಡ್ಯೂಟಿ’ ಆಟದ ಆಕ್ಟಿವಿಷನ್ನನ್ನೂ ಕೋರ್ಟಿಗೆಳೆದವು.

ಗೆಲುವು ಸುಲಭವಲ್ಲ. ಮಕ್ಕಳನ್ನು ಸೆಳೆಯುವ ಬಂದೂಕಿನ ಪ್ರಚಾರವನ್ನು ತಡೆಯಲು ಕ್ಯಾಲಿಫೋರ್ನಿಯ ತಂದ ಕಾಯ್ದೆಗೆ 2023ರಲ್ಲಿ ಮೇಲ್ಮನವಿ ಕೋರ್ಟು ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ ಅಡ್ಡಗಾಲು ಹಾಕಿತು. 2025ರ ಜೂನ್‌ನಲ್ಲಿ, ಅಮೆರಿಕದ ಬಂದೂಕು ಕಂಪನಿಗಳ ಮೇಲೆ ಮೆಕ್ಸಿಕೊ ಸರ್ಕಾರ ಹೂಡಿದ್ದ ದಾವೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ತಳ್ಳಿಹಾಕಿತು. ಸ್ಪ್ಯಾನಿಷ್ ಹೆಸರಿನ ಪಿಸ್ತೂಲುಗಳು ಮಾದಕವಸ್ತು ಗ್ಯಾಂಗುಗಳನ್ನು ಸೆಳೆಯಲೆಂದೇ ಇವೆ ಎಂಬುದು ಮೆಕ್ಸಿಕೊದ ಒಂದು ವಾದ. ಕಾನೂನು ಪಾಲಿಸುವ ಲಕ್ಷಾಂತರ ಗಿರಾಕಿಗಳಿಗೂ ಅವು ಇಷ್ಟವಾಗಬಹುದಲ್ಲ ಎಂದು ತೀರ್ಪು ಬರೆದ ನ್ಯಾಯಮೂರ್ತಿ ಎಲೆನಾ ಕೇಗನ್ ಉತ್ತರಿಸಿದರು. ಮತ್ತೆ ಅದೇ ಗುಂಪು, ಅದೇ ಒಬ್ಬ.

ಫೋನು ಬಿಟ್ಟ ಹೆಜ್ಜೆಗುರುತುಗಳು ಸರ್ವರಿನಿಂದ ಹೊರಬಿದ್ದು ನ್ಯಾಯಾಧೀಶರ ಮೇಜಿಗೆ ಬರಬೇಕಾದರೆ, ದಾವೆ ಹೊಸ್ತಿಲಲ್ಲೇ ವಜಾ ಆಗದೆ ಉಳಿಯಬೇಕು. ಸ್ಯಾಂಡಿ ಹುಕ್ ಕುಟುಂಬಗಳಿಗೆ ಆ ಹೊಸ್ತಿಲು ದಾಟಲು 2014ರಿಂದ 2019ರವರೆಗೆ ಹಿಡಿಯಿತು.