ಕ್ರಿಮಿಯಾ ಕೈತಪ್ಪಿದ ಮೇಲೆ ಸಿಕ್ಕ ಮಾನ್ಯತೆ: ಮುಸ್ತಫಾ ಜೆಮಿಲೆವ್ ಕಾದ ಕಥೆ

2014ರ ಮಾರ್ಚ್ 20ರಂದು ಉಕ್ರೇನ್ ಸಂಸತ್ತು ಒಂದು ನಿರ್ಣಯ ಪಾಸು ಮಾಡಿತು. ಕ್ರಿಮಿಯನ್ ಟಾಟರರು ಕಪ್ಪು ಸಮುದ್ರದ ಕ್ರಿಮಿಯಾ ಪರ್ಯಾಯದ್ವೀಪದ ಮೂಲನಿವಾಸಿಗಳು, ಅವರ ಮೆಜ್ಲಿಸ್ ಅವರ ಪ್ರತಿನಿಧಿ ಸಂಸ್ಥೆ ಅಂತ ಒಪ್ಪಿಕೊಂಡಿತು. ಒಳ್ಳೇದೇ. ಆದರೆ ಅಷ್ಟರಲ್ಲಿ ಕ್ರಿಮಿಯಾ ಕೈಬಿಟ್ಟು ಹೋಗಿತ್ತು. ರಷ್ಯಾದ ಬಂದೂಕಿನ ಕಾವಲಲ್ಲಿ ಜನಮತಗಣನೆ ನಡೆದು ನಾಲ್ಕು ದಿನ ಆಗಿತ್ತು, ಸೇರ್ಪಡೆಯ ಕಾಗದಕ್ಕೆ ಪುಟಿನ್ ಸಹಿ ಹಾಕಿ ಎರಡು ದಿನ. ಕ್ರಿಮಿಯನ್ ಟಾಟರರ ನಾಯಕ ಮುಸ್ತಫಾ ಜೆಮಿಲೆವ್ ಆ ಸಂಸತ್ತಿನ ಸದಸ್ಯರಾಗಿ ಅದಾಗಲೇ 16 ವರ್ಷ ಕಳೆದಿತ್ತು.

ಇವರ ಕಥೆ ಗೊತ್ತಿಲ್ಲದೆ ಕ್ರಿಮಿಯಾ ಜಗಳ ಅರ್ಥ ಆಗೋದು ಕಷ್ಟ. ನಾವು ಸಾಮಾನ್ಯವಾಗಿ ಕೇಳೋದು ರಷ್ಯಾ ಏನು ಹೇಳಿತು, ಉಕ್ರೇನ್ ಏನು ಹೇಳಿತು ಅಂತ. ಆ ನೆಲದಲ್ಲಿ ಶತಮಾನಗಳಿಂದ ಇದ್ದವರು ಏನು ಹೇಳಿದರು ಅಂತ ಕೇಳುವವರು ಕಡಿಮೆ, ಅಲ್ವಾ?

ಜೆಮಿಲೆವ್ ಹುಟ್ಟಿದ್ದು 1943ರ ನವೆಂಬರ್ 13ರಂದು, ಸುಡಾಕ್ ಹತ್ತಿರದ ಐ-ಸೆರೆಜ್ ಅನ್ನೋ ಹಳ್ಳಿಯಲ್ಲಿ. ಆರು ತಿಂಗಳ ಕೂಸಾಗಿದ್ದಾಗ ಊರು ಬಿಡಬೇಕಾಯಿತು. 1944ರ ಮೇ 18ರ ನಸುಕಿನಲ್ಲಿ ಸ್ಟಾಲಿನ್‌ನ ಸೈನಿಕರು ಮನೆ ಮನೆಯ ಬಾಗಿಲು ತಟ್ಟಿದರು. ಸಿಕ್ಕಿದ್ದನ್ನು ಗಂಟು ಕಟ್ಟಿಕೊಳ್ಳಲು ಕೆಲವೇ ನಿಮಿಷ, ಆಮೇಲೆ ಸಾಮಾನು ಸಾಗಿಸುವ ರೈಲು. ಮೂರು ದಿನದಲ್ಲಿ ಸುಮಾರು 1,90,000 ಜನ, ಅಂದರೆ ಇಡೀ ಜನಾಂಗವೇ ಖಾಲಿ. ಜರ್ಮನ್ನರ ಜೊತೆ ಕೈಜೋಡಿಸಿದರು ಅನ್ನೋದು ಎಲ್ಲರ ಮೇಲೂ ಹೊರಿಸಿದ ಆರೋಪ. ಕೆಂಪು ಸೇನೆಯಲ್ಲಿ ಹೋರಾಡಿದ್ದ ಟಾಟರ್ ಸೈನಿಕರಿಗೂ ವಿನಾಯಿತಿ ಸಿಗಲಿಲ್ಲ, ಯುದ್ಧ ಮುಗಿದ ಮೇಲೆ ಅವರನ್ನೂ ಗಡಿಪಾರು ಮಾಡಿದರು. ಹೆಚ್ಚಿನವರನ್ನು ಇಳಿಸಿದ್ದು ಉಜ್ಬೇಕಿಸ್ತಾನದಲ್ಲಿ. ದಾರಿಯಲ್ಲಿ, ಮತ್ತೆ ಮೊದಲ ಕೆಲವು ವರ್ಷಗಳಲ್ಲಿ ಹಸಿವು, ರೋಗದಿಂದ ಸತ್ತವರು ಸಾವಿರ ಸಾವಿರ. ಅತ್ತ ಕ್ರಿಮಿಯಾದಲ್ಲಿ ಟಾಟರ್ ಊರುಗಳ ಹೆಸರನ್ನೇ ಬದಲಿಸಿದರು. 1956ರ ತನಕ ಇವರು ಅಧಿಕಾರಿಯ ಅನುಮತಿ ಇಲ್ಲದೆ ಪಕ್ಕದ ಊರಿಗೂ ಹೋಗುವಂತಿರಲಿಲ್ಲ.

ಹೀಗೆ ಬೆಳೆದ ಹುಡುಗ ಹದಿನೆಂಟು ದಾಟುವಷ್ಟರಲ್ಲಿ ತಾಷ್ಕೆಂಟಿನಲ್ಲಿ ಟಾಟರ್ ಯುವಕರ ಗುಂಪು ಕಟ್ಟುವುದರಲ್ಲಿ ಸೇರಿಕೊಂಡ. ಆಮೇಲೆ ನೀರಾವರಿ ಕಾಲೇಜಿನಿಂದ ಹೊರಹಾಕಿದರು. 1966ರಲ್ಲಿ ಸೈನ್ಯ ಸೇರಲ್ಲ ಅಂದಿದ್ದಕ್ಕೆ ಮೊದಲ ಜೈಲು. 1967ರಲ್ಲಿ ಸೋವಿಯತ್ ಸರ್ಕಾರ ದ್ರೋಹದ ಆರೋಪವನ್ನೇನೋ ವಾಪಸ್ ತೆಗೆದುಕೊಂಡಿತು, ಆದರೆ ಊರಿಗೆ ಮರಳಲು ಬಿಡಲಿಲ್ಲ. ಹೋದವರಿಗೆ ವಾಸದ ನೋಂದಣಿ ಕೊಡದೆ ಮತ್ತೆ ಓಡಿಸಿದರು. ಅಲ್ಲಿಂದ ಮುಂದಿನ ಎರಡು ದಶಕ ಜೆಮಿಲೆವ್ ಅವರ ಬದುಕು ಅಂದರೆ ಬಂಧನ, ಬಿಡುಗಡೆ, ಮತ್ತೆ ಬಂಧನ. ಜೈಲು, ಶಿಬಿರ, ಗಡಿಪಾರು ಎಲ್ಲ ಸೇರಿಸಿದರೆ ಸುಮಾರು 15 ವರ್ಷ.

ಅದರಲ್ಲಿ ಸೈಬೀರಿಯಾದ ಓಮ್ಸ್ಕ್ ನಗರದ ಪ್ರಕರಣವೊಂದನ್ನು ಹತ್ತಿರದಿಂದ ನೋಡಬೇಕು. 1975ರ ಜೂನ್‌ನಲ್ಲಿ ಶಿಕ್ಷೆ ಮುಗಿದು ಇನ್ನೇನು ಹೊರಬರಬೇಕು ಅನ್ನುವಾಗ ಹೊಸ ಕೇಸು ಹಾಕಿದರು. ಸೋವಿಯತ್ ವ್ಯವಸ್ಥೆಯ ಬಗ್ಗೆ ಸುಳ್ಳು ಹಬ್ಬಿಸಿದರು ಅನ್ನೋದು ಆರೋಪ, ಜೊತೆಯ ಕೈದಿಯೊಬ್ಬನೇ ಸಾಕ್ಷಿ. ಜೆಮಿಲೆವ್ ಊಟ ಬಿಟ್ಟರು. ಉಪವಾಸ ನಡೆದದ್ದು 303 ದಿನ. ಕೊಳವೆ ತುರುಕಿ ಬಲವಂತವಾಗಿ ಆಹಾರ ಇಳಿಸುತ್ತಿದ್ದರಿಂದ ಜೀವ ಉಳಿಯಿತು. 1976ರ ಏಪ್ರಿಲ್‌ನಲ್ಲಿ ವಿಚಾರಣೆ ನಡೆದಾಗ, ಹಿಂದಿನ ವರ್ಷವಷ್ಟೇ ನೊಬೆಲ್ ಶಾಂತಿ ಪ್ರಶಸ್ತಿ ಪಡೆದಿದ್ದ ಸೋವಿಯತ್ ವಿಜ್ಞಾನಿ, ಮಾನವ ಹಕ್ಕು ಹೋರಾಟಗಾರ ಆಂದ್ರೇ ಸಖರೋವ್ ಹೆಂಡತಿ ಯೆಲೆನಾ ಬೊನ್ನರ್ ಜೊತೆ ಮಾಸ್ಕೋದಿಂದ ಓಮ್ಸ್ಕ್‌ಗೆ ಬಂದರು. ಕೋರ್ಟಿನ ಬಾಗಿಲಲ್ಲೇ ಪೊಲೀಸರ ಜೊತೆ ತಳ್ಳಾಟವಾಯಿತು. ಒಳಗೆ ಆ ಸಾಕ್ಷಿ ತನ್ನ ಹೇಳಿಕೆಯನ್ನೇ ಹಿಂತೆಗೆದುಕೊಂಡ. ಆದರೂ ಎರಡೂವರೆ ವರ್ಷ ಶಿಕ್ಷೆ ಕೊಟ್ಟರು! 1983ರಲ್ಲಿ ತಂದೆ ತೀರಿಕೊಂಡಾಗ ಹೆಣವನ್ನು ಕ್ರಿಮಿಯಾದಲ್ಲಿ ಮಣ್ಣು ಮಾಡಲು ಹೊರಟಿದ್ದು ಕೂಡ ಮುಂದಿನ ಕೇಸಿನಲ್ಲಿ ಆರೋಪವಾಗಿ ಸೇರಿಕೊಂಡಿತು. ಹುಟ್ಟಿದ ನೆಲದಲ್ಲಿ ಅಪ್ಪನಿಗೆ ಆರಡಿ ಜಾಗ ಕೇಳುವುದೂ ಅಪರಾಧ ಅನ್ನೋ ಕಾಲ ಅದು.

ಗೋರ್ಬಚೆವ್ ಬಂದ ಮೇಲೆ 1986ರ ಕೊನೆಗೆ ಬಿಡುಗಡೆಯಾಯಿತು. 1989ರಲ್ಲಿ ಕ್ರಿಮಿಯಾಗೆ ಮರಳಿ ಬಖ್ಚಿಸರಾಯ್‌ನಲ್ಲಿ ನೆಲೆ ನಿಂತರು. ಟಾಟರರೂ ಸಾಲುಗಟ್ಟಿ ಬರತೊಡಗಿದರು. 2001ರ ಜನಗಣತಿ ಹೊತ್ತಿಗೆ ಕ್ರಿಮಿಯಾದಲ್ಲಿ ಅವರ ಸಂಖ್ಯೆ 2,43,000 ದಾಟಿತ್ತು, ಅಲ್ಲಿನ ಜನಸಂಖ್ಯೆಯ ಶೇ. 12ರಷ್ಟು. ಬಂದರೆ ಏನಿತ್ತು? ಹಳೇ ಮನೆಗಳಲ್ಲಿ ಬೇರೆಯವರು ಎರಡು ತಲೆಮಾರಿನಿಂದ ಸಂಸಾರ ಹೂಡಿದ್ದರು. ಜಮೀನು ಸಿಗಲಿಲ್ಲ, ಎಷ್ಟೋ ಜನರಿಗೆ ಪೌರತ್ವವೇ ಇರಲಿಲ್ಲ. ಖಾಲಿ ಬಿದ್ದ ಜಾಗದಲ್ಲಿ ಸುಣ್ಣಕಲ್ಲಿನ ಒಂದೇ ಕೋಣೆಯ ಗುಡಿಸಲು ಎಬ್ಬಿಸಿ, ಕರೆಂಟು ನೀರು ಇಲ್ಲದೆ ಕಾದು ಕೂತರು. ಪಕ್ಕದ ಕಾಕಸಸ್ ಪ್ರದೇಶ ಅದೇ ದಶಕದಲ್ಲಿ ರಕ್ತದಲ್ಲಿ ಮುಳುಗಿತ್ತು. ಇಲ್ಲಿ ಇಷ್ಟು ಅನ್ಯಾಯ ಹೊತ್ತ ಜನ ಬಂದೂಕು ಎತ್ತಲಿಲ್ಲ. ಅದು ಸುಮ್ನೆ ಆದದ್ದಲ್ಲ. 1991ರ ಜೂನ್‌ನಲ್ಲಿ ಸಿಂಫೆರೊಪೋಲ್‌ನಲ್ಲಿ ಸೇರಿದ ಕುರುಲ್ತಾಯ್, ಅಂದರೆ ಟಾಟರರ ಮಹಾಸಭೆ, ಜೆಮಿಲೆವ್ ಅವರನ್ನು ಮೆಜ್ಲಿಸ್ ಅಧ್ಯಕ್ಷರನ್ನಾಗಿ ಆರಿಸಿತು. ಹಿಂಸೆ ಬೇಡ ಅನ್ನೋ ಪಟ್ಟನ್ನು ಅವರು 2013ರಲ್ಲಿ ಆ ಜಾಗ ಬಿಡುವ ತನಕವೂ ಸಡಿಲಿಸಲಿಲ್ಲ. ಅವರ ಅತಿ ದೊಡ್ಡ ಸಾಧನೆ ಇದೇ ಅನ್ನೋದು ನನ್ನ ಅಭಿಪ್ರಾಯ.

1998ರಲ್ಲಿ ಅವರು ಉಕ್ರೇನಿನ ರಾಷ್ಟ್ರವಾದಿ ಪಕ್ಷ ರುಖ್‌ನ ಪಟ್ಟಿಯಿಂದ ಕೀವ್ ಸಂಸತ್ತಿಗೆ ಹೋದರು. ಆ ಪಕ್ಷದ ನಾಯಕ ವ್ಯಾಚೆಸ್ಲಾವ್ ಚೊರ್ನೊವಿಲ್ ಕೂಡ ಸೋವಿಯತ್ ಜೈಲು ಕಂಡವರು, ಹಾಗಾಗಿ ಈ ನಂಟು ಬರೀ ಓಟಿನ ಲೆಕ್ಕದ್ದಲ್ಲ. ನಂತರ ಪಕ್ಷಗಳು ಬದಲಾದವು: ನಮ್ಮ ಉಕ್ರೇನ್, ಬಾತ್ಕಿವ್‌ಶ್ಚೀನಾ, ಪೊರೊಶೆಂಕೊ ಬಣ. ಬೇಡಿಕೆ ಮಾತ್ರ ಒಂದೇ: ಟಾಟರರನ್ನು ಮೂಲನಿವಾಸಿಗಳು ಅಂತ ಒಪ್ಪಿ, ಅವರ ಹಕ್ಕು ಕೊಡಿ. ಆದರೆ ಕೀವ್ ಮೀನಮೇಷ ಎಣಿಸುತ್ತಲೇ ಇತ್ತು. ಗಡಿಪಾರಾದವರ ಹಕ್ಕುಗಳ ಮಸೂದೆ 2004ರಲ್ಲಿ ಪಾಸಾದರೆ ಅಧ್ಯಕ್ಷ ಕುಚ್ಮಾ ವೀಟೊ ಹಾಕಿದರು. ಅಂಥ ಕಾನೂನು ಬಂದದ್ದು 2014ರ ಏಪ್ರಿಲ್‌ನಲ್ಲಿ, ಅದೂ ಕ್ರಿಮಿಯಾ ಹೋದ ಮೇಲೆ! ಟಾಟರರಿಗೆ ಹಕ್ಕು ಕೊಟ್ಟರೆ ಕ್ರಿಮಿಯಾ ಕೆರಳುತ್ತೆ ಅನ್ನೋ ಅಂಜಿಕೆ ಇತ್ತು. ಕೊನೆಗೆ 2014ರ ಫೆಬ್ರವರಿ 26ರಂದು ಸಿಂಫೆರೊಪೋಲ್‌ನ ಬೀದಿಗಿಳಿದು ಉಕ್ರೇನ್ ಪರ ಕೂಗಿದವರಲ್ಲಿ ಟಾಟರರೇ ಜಾಸ್ತಿ. ಉಕ್ರೇನ್ ಈ ವಿಚಾರದಲ್ಲಿ ತಪ್ಪಿತು, ಇದನ್ನು ಮುಚ್ಚಿಡಬಾರದು.

ಮಾರ್ಚ್ 12ರಂದು ಜೆಮಿಲೆವ್ ಮಾಸ್ಕೋಗೆ ಹೋಗಿ ಪುಟಿನ್ ಜೊತೆ ಫೋನಿನಲ್ಲಿ ಮಾತಾಡಿದರು, ಸೈನ್ಯ ವಾಪಸ್ ಕರೆಸಿಕೊಳ್ಳಿ ಅಂದರು. ಫಲ ಸಿಗಲಿಲ್ಲ. ಏಪ್ರಿಲ್‌ನಲ್ಲಿ ಕ್ರಿಮಿಯಾಗೆ ಅವರ ಪ್ರವೇಶಕ್ಕೆ ರಷ್ಯಾದಿಂದ ನಿಷೇಧ ಬಿತ್ತು. ಮೇ 3ರಂದು ಅರ್ಮ್ಯಾನ್ಸ್ಕ್ ಹತ್ತಿರದ ಗಡಿಗೆ ಅವರನ್ನು ಎದುರುಗೊಳ್ಳಲು ಸಾವಿರಾರು ಟಾಟರರು ಬಂದರು, ಆದರೂ ಒಳಗೆ ಬಿಡಲಿಲ್ಲ. ಆಗ ಅವರಿಗೆ 70 ವರ್ಷ. 2016ರಲ್ಲಿ ರಷ್ಯಾ ಮೆಜ್ಲಿಸನ್ನೇ ತೀವ್ರಗಾಮಿ ಸಂಸ್ಥೆ ಅಂತ ನಿಷೇಧಿಸಿತು. ಆ ನಿರ್ಬಂಧ ತೆಗೆಯಿರಿ ಅಂತ ಅಂತರರಾಷ್ಟ್ರೀಯ ನ್ಯಾಯಾಲಯ 2017ರಲ್ಲಿ ಆದೇಶ ಕೊಟ್ಟಿತ್ತು. ರಷ್ಯಾ ಅದನ್ನು ಪಾಲಿಸಲಿಲ್ಲ ಅಂತ ಅದೇ ನ್ಯಾಯಾಲಯ 2024ರ ಜನವರಿಯಲ್ಲಿ ತೀರ್ಪು ಹೇಳಿತು.

ಕೀವ್ ಕಡೆಯಿಂದ 2021ರಲ್ಲಿ ಮೂಲನಿವಾಸಿಗಳ ಕಾನೂನು ಬಂತು. ಜೆಮಿಲೆವ್ ಅವರ ಸಹಾಯಕರಾಗಿದ್ದ ರುಸ್ತೆಮ್ ಉಮೆರೊವ್ 2023ರಲ್ಲಿ ಉಕ್ರೇನಿನ ರಕ್ಷಣಾ ಸಚಿವರೇ ಆದರು. ಅವರು ಹುಟ್ಟಿದ್ದು ಉಜ್ಬೇಕಿಸ್ತಾನದಲ್ಲಿ, ಗಡಿಪಾರಾದ ಕುಟುಂಬದಲ್ಲಿ. ಆದರೆ ಕ್ರಿಮಿಯಾಗೆ ಟಾಟರರ ಸ್ವಾಯತ್ತ ಪ್ರದೇಶದ ಸ್ಥಾನ ಕೊಡುವ ಸಂವಿಧಾನ ತಿದ್ದುಪಡಿ ಇವತ್ತಿಗೂ ಆಗಿಲ್ಲ. 2019ರಲ್ಲಿ ಪೊರೊಶೆಂಕೊ ಅವರ ಯುರೋಪಿಯನ್ ಸಾಲಿಡಾರಿಟಿ ಪಕ್ಷದಿಂದ ಮತ್ತೆ ಆರಿಸಿ ಬಂದಿದ್ದ ಜೆಮಿಲೆವ್ ಕೀವ್‌ನಲ್ಲಿ ಕೂತು ಈಗಲೂ ಕೇಳುತ್ತಿರುವುದು ಅದನ್ನೇ.